ಎರಡು ನಿಮಿಷ ಬಾಕಿ ಇದ್ದಾಗಿನ ಸೀಟಿ

“ನಮ್ಮ ಪ್ರಣಾಲಿ ಹೊಡೆದ ಚೆಂಡು ಕೃಷ್ಣಾ ಹೊಳಿ ದಾಟಿ ಸಾಂಗ್ಲಿವಾಡಿ ಕಬ್ಬಿನಾಗ ಬಿತ್ತು. ಅಲ್ಲಿ ಒಬ್ಬವ ಹೆದರಿ ತಿರುಗಿ ಒಗದಾ. ಅದು ಸೀದಾ ಬಂದು ಮಿರಜದವರ ಗೋಲಿನಾಗ ಹೊಕ್ತು! ಆ ಅಂಪೈರ ಅದನ್ನೂ ಗೋಲ್ ಅಲ್ಲಂದ!”

ಮಾಧವನಗರದ ರಾಯವ್ವನ ಚಹಾದಂಗಡಿಯಲ್ಲಿ ಧರೆಪ್ಪ ಹೀಗೆಂದಾಗ, ಆರು ಜನ ಹಿಡಿಯುವ ಬೆಂಚಿನ ಮೇಲೆ ಹದಿಮೂರು ಜನ ನಕ್ಕರು. ನಗದವಳು ಅವನ ಅಣ್ಣನ ಮಗಳು ಪ್ರಣಾಲಿ ಒಬ್ಬಳೇ.

ಧರೆಪ್ಪನ ದನಿ ಸೀಳಿದ ಬಿದಿರಿನಂತಿತ್ತು. ಭಾನುವಾರದ ಹಾಕಿ ಫೈನಲ್‌ನಲ್ಲಿ ಅವಳ ಹೆಸರು ಕೂಗಿ ಕೂಗಿ, ಮಧ್ಯಂತರಕ್ಕೆ ಮೊದಲೇ ಗಂಟಲು ಹರಿದುಕೊಂಡಿದ್ದ.

“ನಮ್ಮ ಟೀಮಿನ ಆ ಸಪನಾ ಏನ್ ಆಡಿದ್ಲೋ ಮಾರಾಯಾ,” ಎಂದ ಮಂಗೇಶ. “ಚೆಂಡು ಬಿಟ್ಟು ಬಸ್ ತಪ್ಪಿದವರಂಗ ಓಡಿದ್ಲು.”

“ಓಡಿದ್ದಕ್ಕ ಬಸ್ಸರೆ ಸಿಗ್ತಿತ್ತು,” ಎಂದಳು ರಾಯವ್ವ.

“ಸಪನಾನ ಬಿಡ್ರಿ. ಅಂಪೈರನ ಮಾತ ತಗೀರಿ,” ಎಂದು ಧರೆಪ್ಪ ಬೆಂಚು ಗುದ್ದಿದ.

ತೆಗೆಯುವುದೇನು, ಇಡೀ ಪೇಟೆಗೆ ಅದು ಬಾಯಿಪಾಠವಾಗಿತ್ತು. ಒಂದಕ್ಕೊಂದು ಗೋಲು, ಎರಡು ನಿಮಿಷ ಬಾಕಿ. ಮಿರಜದ ಹುಡುಗಿ ಚೆಂಡು ಹಿಡಿದು ಗೋಲಿನ ಬಾಯಿಗೇ ಬಂದಿದ್ದಳು. ಹಾವಿನ ಬಾಯಿಂದ ಕಪ್ಪೆ ಕಸಿದಂತೆ ಪ್ರಣಾಲಿ ಅವಳ ಸ್ಟಿಕ್ಕಿನಿಂದ ಚೆಂಡು ಕಸಿದಳು. ಅಷ್ಟರಲ್ಲಿ ಸೀಟಿ ಕೇಳಿಸಿತು. ಎದುರಾಳಿಯ ಫೌಲು, ಹೊಡೆತ ನಮ್ಮದು ಎಂದುಕೊಂಡು ಪ್ರಣಾಲಿ ನಿಂತಳು. ಮಿರಜದವಳು ನಿಲ್ಲಲಿಲ್ಲ. ಚೆಂಡನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಅಂಪೈರ್ ಗಜಾನನ ಮಾಸ್ತರರು ಮೈದಾನದ ನಡುವಿಗೆ ಕೈ ತೋರಿಸಿದರು. ಗೋಲು!

“ನಾನು ಸೀಟಿ ಊದಲಿಲ್ಲ,” ಎಂದುಬಿಟ್ಟರು ಮಾಸ್ತರರು.

ಮೈದಾನದಂಚಿನ ಹಲಗಿ ಬಡಿತದ ಗದ್ದಲದಲ್ಲಿ ದೂರದವರಿಗೆ ಏನೂ ಕೇಳಿಸಿರಲಿಲ್ಲ. ಗೋಲ್‌ಕೀಪರ್ ರಂಜನಾಳ ಕಿವಿಯ ಮೇಲೆ ಹೆಲ್ಮೆಟ್ಟು. ಹೀಗಾಗಿ ಪ್ರಣಾಲಿಯ ಮಾತು ಒಂಟಿಯಾಯಿತು. ಸೋತದ್ದು ಅವಳಿಗೆ ಅಷ್ಟು ಚುಚ್ಚಲಿಲ್ಲ. ಶಾಲೆಯಲ್ಲಿ ಬೆರಳು ಹಿಡಿದು ಸ್ಟಿಕ್ ಹಿಡಿಯಲು ಕಲಿಸಿದವರೇ ಗಜಾನನ ಮಾಸ್ತರರು. ಅವರೇ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದರಲ್ಲ! ಮೂರು ದಿನದಿಂದ ಅವಳು ಸ್ಟಿಕ್ ಮುಟ್ಟಿರಲಿಲ್ಲ. ಅವಳ ಬೆನ್ನಿಗೆ ನಿಂತವನು ಧರೆಪ್ಪ ಕಾಕಾ ಒಬ್ಬನೇ. ಕೆಲಸಕ್ಕೆ ರಜೆ ಹಾಕಿ, ಗಜಾನನ ಮಾಸ್ತರರನ್ನು ಜನ್ಮವಿಡೀ ಮೈದಾನಕ್ಕೆ ಬಿಡಬಾರದೆಂಬ ಅರ್ಜಿಗೆ ಇನ್ನೂರು ಸಹಿ ಕೂಡಿಸಿದ್ದ. ಅದರಲ್ಲಿ ಮೂವರು ತೀರಿಕೊಂಡು ವರ್ಷವಾಗಿತ್ತು, ಅದು ಬೇರೆ ಮಾತು.

ಕೋಚ್ ಶುಭಾಂಗಿ ಸ್ಕೂಟರ್ ನಿಲ್ಲಿಸಿ ಒಳಬಂದಳು. ಕೂರಲಿಲ್ಲ.

“ಕಮಿಟಿಯವರು ಒಂದೇ ಮಾತು ಕೇಳ್ಯಾರ. ಸೀಟಿ ಕೇಳಿದವರು ಇನ್ನೊಬ್ರು ಅದಾರೇನು? ಇದ್ರ ಪ್ರಣಾಲಿ ಜಿಲ್ಲಾ ಟೀಮಿನ ಜೋಡಿ ಪುಣೇಕ್ಕ ಆಡಾಕ ಬರ್ತಾಳ. ಇಲ್ಲಂದ್ರ ಅಂಪೈರ ಮ್ಯಾಲ ಸುಳ್ಳ ಹೇಳಿದ್ದಕ್ಕ ಒಂದು ವರ್ಷ ಆಟ ಬಂದ್.”

“ನಾ ಅದೀನಲ್ಲಾ, ಕೇಳಿದಾವ!” ಧರೆಪ್ಪ ಎದೆ ತಟ್ಟಿಕೊಂಡ. “ಗೋಲಿನ ಜಾಳಿಗಿ ಹಿಂದ, ಒಂದು ಗೇಣಿನ್ಯಾಗ ನಿಂತಿದ್ದೆ. ಈ ಕಿವೀಲೆ ಕೇಳೇನಿ.”

“ಕಾಕಾ, ನಿಮ್ಮ ಮಾತು ಕಮಿಟಿ ನಂಬಬೇಕಲ್ಲ? ಸೀಟಿ ಹೆಂಗಿತ್ತು, ಅದನ್ನರೆ ಹೇಳ್ರಿ.”

“ಹೆಂಗಂದ್ರ? ಮಿರಜ ಜಂಕ್ಷನ್ನಿನ್ಯಾಗ ರೈಲು ಹಿಂದ ಸರಿಯಬೇಕು, ಹಂಗ!”

“ಕಾಕಾ, ನೆಟ್ಟಗ ಹೇಳ್ರಿ,” ಎಂದಳು ಪ್ರಣಾಲಿ. “ನನ್ನ ಸಲುವಾಗಿ.”

“ಅವಂಗೇನ್ ಗೊತ್ತು?” ಮಂಗೇಶ ಕಿಚಾಯಿಸಿದ. “ಆವತ್ತು ಗೋಲಿನ ಹಿಂದಿದ್ನೋ, ಭಜಿ ಗಾಡಿ ಹಿಂದಿದ್ನೋ!”

ಧರೆಪ್ಪನಿಗೆ ಏನು ಅಂದರೂ ನಡೆಯುತ್ತದೆ, ಗೊತ್ತಿಲ್ಲ ಅಂದರೆ ಮಾತ್ರ ನಡೆಯದು. ಎರಡು ಬೆರಳು ನಾಲಿಗೆಯ ಕೆಳಗೆ ಸೇರಿಸಿದ. ಉಸಿರು ತುಂಬಿಕೊಂಡ.

ಸೀಟಿ ಹೊರಟಿತು. ಬೀದಿಯಲ್ಲಿ ಶೇರ್ ಆಟೋ ಗಕ್ಕನೆ ನಿಂತಿತು, ನಾಯಿಗಳು ಎದ್ದವು, ಮುಚ್ಚಿ ಹೋದ ಗಿರಣಿಯ ಚಿಮಣಿಯೂ ಒಮ್ಮೆ ನೆಟ್ಟಗಾಯಿತು. ಸಣ್ಣಗೆ ಎದ್ದು, ಮೇಲೇರಿ, ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಸೀಟಿ.

ಪ್ರಣಾಲಿ ಜಿಗಿದೆದ್ದಳು. ಕೈಯಲ್ಲಿದ್ದ ಚಹಾ ಸೀರೆ, ಧೋತರ ನೋಡದೆ ಚೆಲ್ಲಿತು.

“ಇದೇ! ಶುಭಾಂಗಿ ಅಕ್ಕಾ, ಇದೇ ಸೀಟಿ! ತುದೀಗೆ ಹಿಂಗೇ ಬಾಗಿತ್ತು! ನಾ ಸುಳ್ಳ ಹೇಳಿಲ್ಲ, ನೋಡ್ರಿ!”

ಬೆಂಚು ಚಪ್ಪಾಳೆ ತಟ್ಟಿತು. ಶುಭಾಂಗಿ ಮಾತ್ರ ಧರೆಪ್ಪನನ್ನೇ ನೋಡುತ್ತಿದ್ದಳು.

“ಗಜಾನನ ಸರ್ ಸೀಟಿ ಹನ್ನೆರಡು ವರ್ಷದಿಂದ ಕೇಳಾಕತ್ತೇನಿ,” ಎಂದಳು ಮೆಲ್ಲಗೆ. “ಅದರಾಗ ಕಾಳು ಅದ. ಪುರ್ರ್ ಅಂತದ. ಬಾಗೂದಿಲ್ಲ.”

ಚಪ್ಪಾಳೆ ಒಂದೊಂದಾಗಿ ನಿಂತಿತು. ಹಾಲು ಉಕ್ಕಿ ಒಲೆಗೆ ಬಿತ್ತು, ರಾಯವ್ವ ಅಲುಗಲಿಲ್ಲ.

ಪ್ರಣಾಲಿ ಕಾಕಾನ ಒದ್ದೆ ಬೆರಳುಗಳನ್ನು ನೋಡಿದಳು. ಅವನು ಕೈಯನ್ನು ಮೆಲ್ಲಗೆ ಅರ್ಜಿಯ ಕೆಳಗೆ ಸರಿಸಿಕೊಂಡ. ಅವಳ ಕನ್ನಡವೆಲ್ಲ ಎಲ್ಲೋ ಹೋಗಿ ಬಾಯಿಗೆ ಮರಾಠಿ ಬಂತು.

“ಖರಂ ಸಾಂಗಾ, ಕಾಕಾ,” ಎಂದಳು. ಖರೆ ಹೇಳ್ರಿ.

ಧರೆಪ್ಪ ಜೀವನದಲ್ಲಿ ಮೊದಲ ಸಲ ತನ್ನ ಅಳತೆಗಿಂತ ಸಣ್ಣದಾಗಿ ಮಾತಾಡಿದ.

“ನೀ ಚೆಂಡು ಕಸಗೊಂಡದ್ದು ನೋಡಿ ತಡಕೊಳ್ಳಾಕ ಆಗಲಿಲ್ಲವ್ವಾ. ಸೀಟಿ ಹೊಡೆದಾವ ನಾನೇ. ನೀ ನಿಂತಿ ನೋಡು, ಆವಾಗೇ ನನಗ ತಿಳೀತು.”