ಭಾವನಿಗೆ ಬಸುರಿನ ಮಾತ್ರೆ

"ಬಸುರಾಗ್ಬೇಕು ಅಂತಿರೋದು ನಾನೇ," ಎಂದ ಹೆನೆಲಿ, ಆಸ್ಪತ್ರೆಯ ಸ್ಟೂಲಿನ ಮೇಲೆ ಕೂರುತ್ತ. ಸ್ಟೂಲು ಕಿರ್ರೆಂದಿತು. ಬಲಿತ ಹಂದಿಯನ್ನು ಒಬ್ಬನೇ ಎತ್ತಿ ದೋಣಿಗೆ ಹಾಕುವ ಆಳು ಅವನು. ಟೊಂಗಾದ ರೂಢಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಚಾಪೆಯನ್ನೂ ಸುತ್ತಿಕೊಂಡು ಬಂದಿದ್ದ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬೆಂಚಿನ ಮೇಲೆ ಕಾಯುತ್ತಿದ್ದ ಮೆಲೆನೈತೆ ಅಜ್ಜಿ ನೋವು ಮರೆತು ನೆಟ್ಟಗೆ ಕೂತಳು.

ಹೆನೆಲಿಯ ಹೆಂಡತಿ ಲೂಪೆ ಒಳಗಡೆಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತಿದ್ದಳು. ಮಾತ್ರೆ ಬೇಕಾಗಿದ್ದುದು ಅವಳಿಗೆ. ಆದರೆ ದ್ವೀಪದ ನರ್ಸಮ್ಮ ಮಗಳ ಮದುವೆಗೆಂದು ರಜೆ ಹಾಕಿದ್ದಳು, ಅವಳ ಬದಲಿಗೆ ದೋಣಿಯಿಂದ ಇಳಿದ ಡಾಕ್ಟರು ಲೂಪೆಯ ಒಡಹುಟ್ಟಿದ ತಮ್ಮ ಫೆಲೆಟಿ. ಟೊಂಗಾದಲ್ಲಿ ಅಕ್ಕ ತಮ್ಮ ದೊಡ್ಡವರಾದ ಮೇಲೆ ಬಸುರು ಬಾಣಂತನದ ಮಾತು ಇಬ್ಬರ ನಡುವೆ ಸುಳಿಯುವಂತಿಲ್ಲ. ಟೀವಿಯಲ್ಲಿ ಯಾರಾದರೂ ಮುತ್ತು ಕೊಟ್ಟರೂ ಸಾಕು, ಇಬ್ಬರಲ್ಲಿ ಒಬ್ಬರಿಗೆ ತಟ್ಟನೆ ಬಾಯಾರಿಕೆಯಾಗಿ ಎದ್ದುಹೋಗಬೇಕು. ಹೋದ ವರ್ಷ ಲೂಪೆಯ ಬಸುರು ಇಳಿದಾಗಲೂ ಫೆಲೆಟಿ ಒಂದು ಬುಟ್ಟಿ ಗೆಣಸು ಕಳಿಸಿದ್ದನೇ ಹೊರತು ಒಂದು ಮಾತು ಆಡಿರಲಿಲ್ಲ. ಈಗ ಅವಳಿಗೆ ಮತ್ತೆ ಮಗುವಿನ ಆಸೆ. ಆ ಆಸೆಯ ಪಕ್ಕದಲ್ಲೇ ಒಂದು ಪ್ರಶ್ನೆ ವರ್ಷದಿಂದ ಅವಳ ನಿದ್ದೆ ಕೆಡಿಸಿತ್ತು. ಈಗ ಊರಲ್ಲಿ ಉತ್ತರ ಬಲ್ಲವನು ಒಬ್ಬನೇ, ಅವನನ್ನೇ ಕೇಳುವ ಹಾಗಿಲ್ಲ. ಅದಕ್ಕೇ ಗಂಡನಿಗೆ ಪಾಠ ಹೇಳಿಕೊಟ್ಟು ಎಳೆದುಕೊಂಡು ಬಂದಿದ್ದಳು.

ಫೆಲೆಟಿ ಜಾಣ. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಒಳ್ಳೇದು ಭಾವ. ಮುಂಚೆ ಯಾವಾಗಾದ್ರೂ ಬಸುರಾಗಿದ್ರಾ?"

"ಆಗಿದ್ದೆ. ಹೋದ ವರ್ಷ."

"ಎಷ್ಟನೇ ತಿಂಗಳಲ್ಲಿ ಹೋಯ್ತು?"

ಹೆನೆಲಿ ಹೊಸ್ತಿಲ ಕಡೆ ನೋಡಿದ. ಲೂಪೆ ಮೂರು ಬೆರಳಲ್ಲಿ ಬೆನ್ನು ಕೆರೆದುಕೊಂಡಳು.

"ಮೂರು."

"ಮುಟ್ಟು ಸರಿಯಾಗಿ ಆಗ್ತಿದೆಯಾ?"

"ಗಡಿಯಾರದ ಥರ." ಹೊಸ್ತಿಲಿಂದ ಕೆಮ್ಮು ಕೇಳಿಸಿತು. "ಗಡಿಯಾರ ಅಂದ್ರೆ, ನಮ್ಮ ಚರ್ಚಿನ ಗಡಿಯಾರ. ಒಂಚೂರು ಹಿಂದೆ ಮುಂದೆ."

"ನನ್ನ ಯಜಮಾನನಿಗೂ ಈ ಬುದ್ಧಿ ಇದ್ದಿದ್ರೆ," ಎಂದು ಅಜ್ಜಿ ನಿಟ್ಟುಸಿರಿಟ್ಟಳು. "ಒಂಬತ್ತು ಹೆತ್ತೆ ಕಣಪ್ಪ. ಒಂದನ್ನಾದ್ರೂ ಅವ್ನು ಹೆರಬೋದಿತ್ತು."

"ಕಾವಾ ಕುಡಿತೀರಾ ಭಾವ?" ಫೆಲೆಟಿ ಬರೆದುಕೊಳ್ಳುತ್ತ ಕೇಳಿದ. ಕಾವಾ ಅಂದರೆ ಅಲ್ಲಿನ ಗಂಡಸರು ತೆಂಗಿನ ಚಿಪ್ಪಿನಲ್ಲಿ ಕುಡಿಯುವ, ಅಮಲೇರಿಸುವ ಬೇರಿನ ರಸ.

ಈ ಒಂದು ಪ್ರಶ್ನೆಗೆ ಹೆನೆಲಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಎದೆ ಉಬ್ಬಿಸಿದ. "ಪ್ರತಿ ಶುಕ್ರವಾರ, ಬೆಳಕು ಹರಿಯೋ ತನಕ. ನನ್ನಷ್ಟು ಚಿಪ್ಪು ಏರಿಸೋ ಗಂಡು ಈ ದ್ವೀಪದಲ್ಲಿಲ್ಲ."

"ಬಿಟ್ಬಿಡಿ."

"ಯಾರು, ನಾನಾ?"

"ಮತ್ತಿನ್ಯಾರು? ಬಸುರಾಗ್ಬೇಕು ಅಂತಿರೋದು ನೀವು ತಾನೇ?"

ಹೊಸ್ತಿಲ ಮೇಲಿನ ಬೆನ್ನು ನಗುವಿಗೆ ಕುಲುಕಿತು. ಹೆಂಡತಿಗಾಗಿ ಸಮುದ್ರಕ್ಕೆ ಬೇಕಾದರೂ ಹಾರಿಯೇನು, ಕಾವಾ ಬಿಡುವುದು ಹೇಗೆಂದುಕೊಳ್ಳುತ್ತ ಆ ಬಡಪಾಯಿ ಶುಕ್ರವಾರಕ್ಕೆ ಇನ್ನೆಷ್ಟು ದಿನವೆಂದು ಬೆರಳು ಮಡಿಸಿ ಎಣಿಸಿದ.

ಫೆಲೆಟಿ ಮಾತ್ರೆಯ ಡಬ್ಬಿ ತೆಗೆದು ಅವನ ಮುಂದಿಟ್ಟ. "ಫೋಲಿಕ್ ಆಸಿಡ್. ದಿನಕ್ಕೊಂದು, ಬಸುರಾಗೋದಕ್ಕೆ ಮುಂಚೆನೇ ಶುರು ಮಾಡ್ಬೇಕು. ಆದ್ಮೇಲೂ ಮೊದಲ ಮೂರು ತಿಂಗಳು ತಪ್ಪಿಸ್ಬಾರ್ದು. ಇನ್ನೇನಾದ್ರೂ ಕೇಳೋದಿದೆಯಾ?"

ಹೆನೆಲಿ ಡಬ್ಬಿ ತೆಗೆದುಕೊಂಡು ಎದ್ದೇಬಿಟ್ಟ. ಹೊಸ್ತಿಲಲ್ಲಿ ಕೆಮ್ಮು. ಮತ್ತೆ ಕೆಮ್ಮು, ಈ ಸಲ ಜೋರಾಗಿ. ಅವನು ಪುನಃ ಕೂತ.

"ಒಂದಿದೆ," ಎಂದು ತಲೆ ತಗ್ಗಿಸಿದ. ಅವನ ದನಿ ಇಳಿದಿತ್ತು. "ಹೋದ ಸಲಾನೂ ನರ್ಸಮ್ಮ ಈ ಮಾತ್ರೆ ಕೊಟ್ಟಿದ್ರು. ವಾಂತಿ ಬರತ್ತೆ ಅಂತ ನಾನು... ನಾನು ತಗೊಳ್ಲಿಲ್ಲ. ಡಬ್ಬಿ ಹಾಗೇ ಇತ್ತು. ಮಗು ಹೋಗಿದ್ದು ಅದಕ್ಕೇನಾ?"

ಅಜ್ಜಿ ಕಾಲು ನೀವುವುದನ್ನು ನಿಲ್ಲಿಸಿದಳು. ಹೊಸ್ತಿಲ ಮೇಲೆ ಲೂಪೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಫೆಲೆಟಿ ಪೆನ್ನು ಕೆಳಗಿಟ್ಟ. ಭಾವನ ಮುಖ ಬಿಟ್ಟು ಬೇರೆಲ್ಲೂ ನೋಡದಂತೆ ಕತ್ತು ಗಟ್ಟಿ ಮಾಡಿಕೊಂಡ. "ಅಲ್ಲ ಭಾವ. ಈ ಮಾತ್ರೆ ಮಗುವಿನ ಬೆನ್ನುಹುರಿ, ಮೆದುಳು ಚೆನ್ನಾಗಿ ಬೆಳೀಲಿ ಅಂತ ಕೊಡೋದು. ಬಸುರು ಇಳಿಯದ ಹಾಗೆ ಕಾಯೋಕೆ ಕೊಡೋದಲ್ಲ. ಅಷ್ಟು ಬೇಗ ಹೋಗೋದು ಮುಕ್ಕಾಲುಪಾಲು ಯಾರ ಕೈಲೂ ಇರಲ್ಲ. ನೀವು ಮಾಡಿದ್ದರಿಂದ ಹೋಗಿದ್ದಲ್ಲ, ಮಾಡದೇ ಇದ್ದಿದ್ದರಿಂದಾನೂ ಹೋಗಿದ್ದಲ್ಲ." ಮತ್ತೆ ಹೇಳಿದ, "ಆವತ್ತೇ ಬಂದು ಹೇಳ್ಬೇಕಿತ್ತು ನಾನು. ನಿಮಗೆ ಹೇಳೋ ದಾರಿ ಗೊತ್ತಾಗ್ಲಿಲ್ಲ ಭಾವ."

ಹೊಸ್ತಿಲ ಕಡೆಯಿಂದ ಸಣ್ಣಗೆ ಬಿಕ್ಕಿದ ಸದ್ದು ಬಂತು. ಹೆಂಡತಿಯ ಅಳು ತಮ್ಮನ ಕಿವಿಗೆ ಬಿದ್ದರೆ ಇಬ್ಬರಿಗೂ ತಲೆ ಎತ್ತಲಾಗುವುದಿಲ್ಲ ಎಂದು ಹೆನೆಲಿಗೆ ಹೊಳೆಯಿತು. ಕೂಡಲೇ ಎರಡೂ ಕೈಯಲ್ಲಿ ಮುಖ ಮುಚ್ಚಿ ಗೊಳೋ ಎಂದು ಅಳತೊಡಗಿದ. ಹೊರಗಿನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಶುರುವಿನಲ್ಲಿ ಅದು ಸುಳ್ಳು ಅಳುವೇ. ನಾಲ್ಕು ಉಸಿರು ಕಳೆಯುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದೆ ನಿಜವಾದದ್ದು ಬಂದುಬಿಟ್ಟಿತು, ಆಮೇಲೆ ನಿಲ್ಲಿಸಲು ಬರಲಿಲ್ಲ.

ಫೆಲೆಟಿ ಭಾವನ ಕೈಗೆ ಒಂದು ಹಿಡಿ ಹತ್ತಿ ತುರುಕಿದ.

ಲೂಪೆ ಕಣ್ಣು ಒರೆಸಿಕೊಂಡಳು. ತಿರುಗಿ ನೋಡದೆ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಅಜ್ಜೀ, ಡಾಕ್ಟರಿಗೆ ಸ್ವಲ್ಪ ಹೇಳಿ. ನನ್ನ ಗಂಡ ಇವತ್ತು ರಾತ್ರಿ ನಿದ್ದೆ ಮಾಡ್ತಾನಂತೆ."