ಮುಗಿಸದೆ ತೆಗೆದ ಡಿಸ್ಕ್

ತೀರಿಹೋದವರ ನೆನಪನ್ನು ತಲೆಯಿಂದ ಪೂರ್ತಿ ಇಳಿಸಿ ಡಿಸ್ಕಿಗೆ ಬರೆದಿಡುವುದು ಎಲ್ಲರ ಮನೆಯ ರೂಢಿ. ದುಃಖ ಹಗುರಾಗುತ್ತದೆ, ಮುಖ ನೋಡಬೇಕೆನಿಸಿದಾಗ ಹಾಕಿ ನೋಡಬಹುದು. ಮಗಳು ಸತ್ತ ಹದಿಮೂರನೆಯ ದಿನ ಭಾಗೀರಥಿಯೂ ಹಾಗೆಯೇ ಮಾಡಿದ್ದಳು. ವರ್ಷದ ತಿಥಿಗೆ ಹಾಕಿದರೆ ಯಾವ ಪ್ಲೇಯರೂ ಓದಲಿಲ್ಲ.

ಹುಬ್ಬಳ್ಳಿಯ ರಿಪೇರಿ ಅಂಗಡಿಯ ಮೌನೇಶ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ.

"ಗೀರು ಒಂದೂ ಇಲ್ರಿ ಅಕ್ಕಾರ. ಬರದ ಮ್ಯಾಲೆ ಫೈನಲೈಸ್ ಮಾಡ್ಲಾರದ, ಅಂದ್ರ ಪೂರ್ತಿ ಮುಗಸಲಾರದ ತಗದೀರಿ. ಬರದ ಮಷಿನ್ ತರ್ರಿ, ಅದರಾಗಷ್ಟ ಆಗತೈತಿ."

"ಸೂತಕದ ಮಷಿನ್ ಮನ್ಯಾಗ ಇಟ್ಕೋಬಾರದಂತ ಅವತ್ತ ಗುಜರಿಗೆ ಹಾಕಿದ್ವಿ."

ಮೌನೇಶ ಡಿಸ್ಕನ್ನು ಕವರಿಗೆ ಹಾಕಿ ಪೆನ್ನು ತೆಗೆದ.

"ಹಂಗಾರ ಯಾರ ಕೈಲೂ ಆಗಂಗಿಲ್ರಿ. ಮಗಳ ಹೆಸರು ಹೇಳ್ರಿ, ಕವರಿನ ಮ್ಯಾಲೆ ಚಂದಂಗ ಬರದು ಕೊಡ್ತೀನಿ."

ಭಾಗೀರಥಿ ಹೆಸರು ಹೇಳಲು ಬಾಯಿ ತೆರೆದು, ಡಿಸ್ಕಿನತ್ತ ಬೆರಳು ತೋರಿಸಿದಳು.

"ಹೆಸರೂ ಅದರಾಗ ಐತಿ, ತಮ್ಮಾ."