ಸಾಲಿನ ಕೊನೆಯಲ್ಲಿ ಅಧ್ಯಕ್ಷರು

"ಯಾರಾದರೇನು, ಸಾಲಿನಲ್ಲೇ ಬರ್ರಿ" ಎಂದು ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಯ ಡೈರಿ ಕಟ್ಟಡಕ್ಕೆ ಬಂದಿದ್ದ ಪಶುವೈದ್ಯೆ ಹೇಮಾವತಿ ಹೇಳಿದ್ದೇ ತಪ್ಪಾಯಿತು. ಪಂಚಾಯಿತಿ ಅಧ್ಯಕ್ಷ ರಾಜಶೇಖರ್ ತಮ್ಮ ಕುರಿಗಳನ್ನು ಹೊಡೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಹಟ್ಟಿಯ ಜನ ತಿರುತಿರುಗಿ ಹಿಂದಕ್ಕೆ ನೋಡತೊಡಗಿದರು.

ಔಷಧಿ ಚಮಚ ಕಂಡ ಮಗುವಿನಂತೆ ಸಾಲು ಹಿಂದಕ್ಕೆ ಸರಿಯತೊಡಗಿತು. ಎಲ್ಲರಿಗಿಂತ ಮುಂದಿದ್ದ ಜುಂಜಯ್ಯನೇ ಮೊದಲು ಕುರಿಗಳನ್ನು ತಿರುಗಿಸಿದ.

ಹೇಮಾವತಿ ಓಡಿ ಬಂದು ಅವನಿಗೆ ಅಡ್ಡ ನಿಂತಳು. ಪಕ್ಕದ ಹಟ್ಟಿಯಲ್ಲಿ ಕುರಿಗಳು ಬಾಯಿ ಹುಣ್ಣಾಗಿ, ಭೇದಿ ಹತ್ತಿ ಸಾಯುತ್ತಿದ್ದವು. ಇಲ್ಲಿ ಲಸಿಕೆ ಕಲಸಿಟ್ಟಾಗಿತ್ತು. ಬೇಗ ಹಾಕದಿದ್ದರೆ ಕೆಟ್ಟುಹೋಗಿ ಚೆಲ್ಲುವುದೇ ಗತಿ.

"ಯಾಕೆ ಜುಂಜಯ್ಯ, ಎಲ್ಲಿಗೆ?"

"ಇವತ್ತು ಬ್ಯಾಡ ಬಿಡ್ರಿ ಡಾಕ್ಟ್ರಮ್ಮ. ಬಿತ್ನೆ ಬೀಜ ಬಂತು, ಮೊದ್ಲು ಅಧ್ಯಕ್ಷರ ಮನಿಗೆ ಹೋತು. ಟಾರ್ಪಾಲು ಬಂತು, ಅದೂ ಅಲ್ಲಿಗೇ. ಒಳ್ಳೇದು ಯಾವತ್ತು ಸಾಲಿಗೆ ಬಂದೈತೆ ಹೇಳ್ರಿ? ಇವತ್ತು ಅವ್ರೇ ನಮ್ಮ ಹಿಂದೆ ನಿಂತವ್ರೆ ಅಂದ್ರೆ..."

"ನಮ್ಮ ಕುರಿ ಬದುಕ್ತಾವೋ ಸಾಯ್ತಾವೋ ನೋಡಾಕೆ ನಿಂತವ್ರೆ" ಎಂದು ಪಕ್ಕದಲ್ಲಿದ್ದ ಹುಚ್ಚಕ್ಕ ಮಾತು ಮುಗಿಸಿದಳು.

ಹೇಮಾವತಿ ಬಾಯಿ ನೋಯುವಷ್ಟು ಹೇಳಿ ನೋಡಿದಳು. ಲಸಿಕೆಯ ಡಬ್ಬಿ ತೋರಿಸಿದಳು. ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಸೋತು ಅಧ್ಯಕ್ಷರ ಹತ್ತಿರ ಹೋದಳು.

"ಸರ್, ಒಂದು ಉಪಕಾರ ಮಾಡ್ರಿ. ಸಾಲು ಬಿಟ್ಟು ಹಿಂಬಾಗಿಲಿಂದ ಬರ್ರಿ."

"ನೀವೇ ಸಾಲು ಅಂದ್ರಿ!"

"ಅಂದಿದ್ದೆ. ಈಗ ಜನರ ಕಣ್ಣಿಗೆ ಬೀಳೋ ಹಾಗೆ ಸ್ವಲ್ಪ ದಬಾಯಿಸ್ರಿ."

ರಾಜಶೇಖರ್‌ಗೆ ಅದನ್ನು ಕಲಿಸಬೇಕಾಗಿರಲಿಲ್ಲ. "ನಾನ್ಯಾರು ಅಂತ ಗೊತ್ತೈತೇನ್ರಿ? ನನ್ನ ಕುರಿಗೆ ಆದ ಮೇಲೇ ಮಿಕ್ಕಿದ್ದು!" ಎಂದು ಕೂಗಾಡುತ್ತ ಕುರಿಗಳನ್ನು ಡೈರಿ ಕಟ್ಟಡದ ಹಿಂದಕ್ಕೆ ನುಗ್ಗಿಸಿದರು.

"ಲೇ, ಹೊಡ್ಕಂಬರ್ರಲೇ! ಎಲ್ಲಾ ಅವ್ರಿಗೇ ಹಾಕಿ ಮುಗಿಸ್ತಾರೆ!" ಎಂದು ಹುಚ್ಚಕ್ಕ ಕಿರುಚಿದಳು. ಧೂಳೆದ್ದಿತು. ಮುಂಬಾಗಿಲಲ್ಲಿ ಕುರಿ ಯಾವುದು, ಮನುಷ್ಯ ಯಾರು ಎಂದು ತಿಳಿಯದಷ್ಟು ನೂಕುನುಗ್ಗಲು.

ಬಾಟಲಿ ಬರಿದಾಗುವ ಹೊತ್ತಿಗೆ ಜುಂಜಯ್ಯ ತನ್ನ ಕೊನೆಯ ಕುರಿಯನ್ನು ತೊಡೆಯ ಸಂದಿನಲ್ಲಿ ಅದುಮಿ ಹಿಡಿದಿದ್ದ. ಸೂಜಿ ಚುಚ್ಚುತ್ತಿದ್ದ ಹೇಮಾವತಿಯ ಕಿವಿಯ ಬಳಿ ಬಗ್ಗಿ, ಸಮಾಧಾನದಿಂದ ಹೇಳಿದ:

"ಬೆಳಿಗ್ಗೆ ನೀವು ಯಾರೋ ಏನೋ ಅಂತ ಭಯ ಆಗಿತ್ತು ಕಣಮ್ಮ. ಈಗ ನಂಬಿಕೆ ಬಂತು, ನೀವೂ ಸರ್ಕಾರದೋರೇ."